ದುರ್ಗಮ ಹಾದಿಯ ವಾಹನಗಳ ಸ್ಟೀರಿಂಗ್ ಲಿಂಕೇಜ್ ದುರಸ್ತಿ

ಸ್ಟೀರಿಂಗ್ ಲಿಂಕೇಜ್ ಎಂಬುದು ಸ್ಟೀರಿಂಗ್ ಪೆಟ್ಟಿಗೆಯ ಚಲನೆಯನ್ನು ವಾಹನದ ಮುಂದಿನ ಚಕ್ರಗಳಿಗೆ ತಲುಪಿಸುವ ಸರಳುಗಳು, ತೋಳುಗಳು ಹಾಗೂ ಕೀಲುಗಳ ಜೋಡಣೆಯಾಗಿದೆ. ಕಲ್ಲು, ಕೊರಕಲು ಮತ್ತು ಕೆಸರಿನ ಹಾದಿಗಳಲ್ಲಿ ಸಂಚರಿಸುವ ಜೀಪ್ ಮಾದರಿಯ ವಾಹನಗಳಲ್ಲಿ ಈ ಭಾಗಗಳು ಬಾಗುವುದು ಮತ್ತು ಸವೆಯುವುದು ಸಾಮಾನ್ಯ. ಎಂಜಿನ್ ಕೆಟ್ಟರೆ ವಾಹನ ನಿಲ್ಲುತ್ತದೆ. ಲಿಂಕೇಜ್ ಕಳಚಿದರೆ ವಾಹನ ಚಲಿಸುತ್ತಲೇ ಇರುತ್ತದೆ, ಆದರೆ ಚಾಲಕನ ಹಿಡಿತದಲ್ಲಿರುವುದಿಲ್ಲ. ಆದ್ದರಿಂದ ಈ ದುರಸ್ತಿಯಲ್ಲಿ ತಾತ್ಕಾಲಿಕ ಪರಿಹಾರ ಯಾವುದು, ಶಾಶ್ವತ ಪರಿಹಾರ ಯಾವುದು ಎಂಬ ವ್ಯತ್ಯಾಸವು ಬಹಳ ಮುಖ್ಯವಾದುದು.

ಹಿನ್ನೆಲೆ

ತಿರುವಿನಲ್ಲಿ ಒಳಬದಿಯ ಚಕ್ರವು ಹೊರಬದಿಯ ಚಕ್ರಕ್ಕಿಂತ ಚಿಕ್ಕ ವೃತ್ತದಲ್ಲಿ ಚಲಿಸುತ್ತದೆ. ಹೀಗಾಗಿ ಎರಡೂ ಚಕ್ರಗಳು ಬೇರೆ ಬೇರೆ ಕೋನಗಳಲ್ಲಿ ತಿರುಗಬೇಕಾಗುತ್ತದೆ. ಇದಕ್ಕೆ ತಕ್ಕ ಜೋಡಣೆಯನ್ನು ಜರ್ಮನಿಯ ಗೇಯಾರ್ಗ್ ಲಾಂಕೆನ್ಸ್‌ಪೆರ್ಗರ್ 1817ರಲ್ಲಿ ಕುದುರೆ ಗಾಡಿಗಳಿಗಾಗಿ ರೂಪಿಸಿದನು. 1818ರಲ್ಲಿ ಇಂಗ್ಲೆಂಡಿನಲ್ಲಿ ಇದರ ಪೇಟೆಂಟ್ ಪಡೆದ ರುಡಾಲ್ಫ್ ಆಕರ್‌ಮನ್‌ನ ಹೆಸರಿನಿಂದಲೇ ಈ ತತ್ತ್ವವು ಇಂದು ಪ್ರಸಿದ್ಧವಾಗಿದೆ.

ರಚನೆ

ಎರಡು ಮುಂದಿನ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸುವ ವಾಹನಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಭಾಗಗಳು ಇವು:

• ಪಿಟ್‌ಮನ್ ಆರ್ಮ್: ಸ್ಟೀರಿಂಗ್ ಪೆಟ್ಟಿಗೆಯಿಂದ ಹೊರಬಂದಿರುವ ತೋಳು. ಇದನ್ನು ಡ್ರಾಪ್ ಆರ್ಮ್ ಎಂದೂ ಕರೆಯುತ್ತಾರೆ.
• ಡ್ರ್ಯಾಗ್ ಲಿಂಕ್: ಪಿಟ್‌ಮನ್ ಆರ್ಮ್‌ನ ಚಲನೆಯನ್ನು ಚಕ್ರದ ಕಡೆಗೆ ಒಯ್ಯುವ ಸರಳು.
• ಟೈ ರಾಡ್: ಎಡ ಮತ್ತು ಬಲ ಚಕ್ರಗಳನ್ನು ಜೋಡಿಸಿ ಒಟ್ಟಿಗೆ ತಿರುಗಿಸುವ ಉದ್ದನೆಯ ಸರಳು.
• ಬಾಲ್ ಜಾಯಿಂಟ್: ಸರಳುಗಳ ತುದಿಯಲ್ಲಿರುವ, ಗುಂಡು ಮತ್ತು ಬಟ್ಟಲಿನ ಆಕಾರದ ಕೀಲು. ಒಳಗಿನ ಗ್ರೀಸ್ ಹೊರಹೋಗದಂತೆ, ಮಣ್ಣು ಒಳನುಗ್ಗದಂತೆ ರಬ್ಬರ್ ಬೂಟ್ ಕಾಪಾಡುತ್ತದೆ.

ಭಾರತದಲ್ಲಿ 1947ರಿಂದ ಮಹೀಂದ್ರಾ ಸಂಸ್ಥೆಯು ಜೋಡಿಸಿದ ವಿಲ್ಲೀಸ್ ಜೀಪ್‌ಗಳು ಹಾಗೂ 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ ಗಟ್ಟಿ ಮುಂಭಾಗದ ಆಕ್ಸಲ್ ಹೊಂದಿದ್ದವು. ಮಲೆನಾಡು ಮತ್ತು ಕೊಡಗಿನ ತೋಟದ ಹಾದಿಗಳಲ್ಲಿ ಇಂತಹ ಹಳೆಯ ವಾಹನಗಳನ್ನು ಈಗಲೂ ಕಾಣಬಹುದು. 2010ರಲ್ಲಿ ಬಂದ ಮಹೀಂದ್ರಾ ಥಾರ್‌ನಲ್ಲಿ ಮುಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇರುವುದರಿಂದ ಅದರ ಜೋಡಣೆ ಭಿನ್ನವಾಗಿದೆ.

ಹಾನಿಯ ಕಾರಣ ಮತ್ತು ಲಕ್ಷಣಗಳು

ಟೈ ರಾಡ್ ನೆಲಕ್ಕೆ ಸಮೀಪದಲ್ಲಿರುವುದರಿಂದ ಬಂಡೆ ಅಥವಾ ಮರದ ಬೊಡ್ಡೆಗೆ ತಗುಲಿ ಬಾಗುತ್ತದೆ. ಬಾಗಿದ ಸರಳಿನ ಎರಡು ತುದಿಗಳ ನಡುವಿನ ಅಂತರ ಕಡಿಮೆಯಾಗುತ್ತದೆ. ಸರಳು ಆಕ್ಸಲ್‌ನ ಹಿಂದಿದ್ದರೆ ಚಕ್ರಗಳ ಮುಂಭಾಗ ಹೊರಕ್ಕೆ ವಾಲುತ್ತದೆ. ಮುಂದಿದ್ದರೆ ಒಳಕ್ಕೆ ವಾಲುತ್ತದೆ. ಎರಡೂ ಸಂದರ್ಭಗಳಲ್ಲಿ ಟೈರ್‌ಗಳು ನೆಲಕ್ಕೆ ಉಜ್ಜಿಕೊಂಡು ಬೇಗನೆ ಸವೆಯುತ್ತವೆ.

ರಬ್ಬರ್ ಬೂಟ್ ಹರಿದರೆ ಕೆಸರು ಮತ್ತು ನೀರು ಒಳಸೇರಿ ಕೀಲು ಸಡಿಲವಾಗುತ್ತದೆ. ಆಗ ಸ್ಟೀರಿಂಗ್ ಚಕ್ರವನ್ನು ಸ್ವಲ್ಪ ತಿರುಗಿಸಿದರೂ ವಾಹನ ಕೂಡಲೇ ಸ್ಪಂದಿಸುವುದಿಲ್ಲ. ಕೆಲವೊಮ್ಮೆ ಗುಂಡಿಯೊಂದನ್ನು ದಾಟಿದ ನಂತರ ಮುಂದಿನ ಚಕ್ರಗಳು ಎಡಬಲಕ್ಕೆ ರಭಸದಿಂದ ಅದುರತೊಡಗುತ್ತವೆ. ಹೊಸ ಸ್ಟೀರಿಂಗ್ ಡ್ಯಾಂಪರ್ ಅಳವಡಿಸಿದರೆ ಈ ಅದುರುವಿಕೆ ಕೆಲಕಾಲ ಮರೆಯಾಗಬಹುದು, ಆದರೆ ಸಡಿಲವಾದ ಕೀಲು ಹಾಗೆಯೇ ಉಳಿಯುತ್ತದೆ.

ಪರೀಕ್ಷೆ

ಚಕ್ರಗಳು ನೆಲದ ಮೇಲಿರುವಾಗಲೇ ಒಬ್ಬರು ಸ್ಟೀರಿಂಗ್ ಚಕ್ರವನ್ನು ಸ್ವಲ್ಪ ಎಡಕ್ಕೂ ಬಲಕ್ಕೂ ಆಡಿಸಬೇಕು. ಮತ್ತೊಬ್ಬರು ಪ್ರತಿಯೊಂದು ಕೀಲನ್ನೂ ಗಮನಿಸಬೇಕು. ಸರಳು ತನ್ನ ಸುತ್ತಲೇ ತುಸು ಹೊರಳುವುದು ಸಹಜ. ಆದರೆ ಕೀಲಿನ ಗುಂಡು ಬಟ್ಟಲಿನೊಳಗೆ ಮೇಲೆ ಕೆಳಗೆ ಅಥವಾ ಅಕ್ಕಪಕ್ಕ ಸರಿದಾಡಿದರೆ ಅದು ಸವೆದಿದೆ ಎಂದರ್ಥ. ಇಂತಹ ಕೀಲನ್ನು ಬದಲಿಸಬೇಕು.

ಬದಲಿಸುವ ಕ್ರಮ

1. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡೆ ಇಡಬೇಕು. ಜಾಕ್‌ನಿಂದ ಎತ್ತಿದ ಮೇಲೆ ಭದ್ರವಾದ ಸ್ಟ್ಯಾಂಡ್ ಕೊಡಬೇಕು. ಕೇವಲ ಜಾಕ್ ಅನ್ನು ನಂಬಿ ಕೆಳಗೆ ತೂರಬಾರದು.
2. ಸ್ಪ್ಲಿಟ್ ಪಿನ್ ತೆಗೆದು ನಟ್ ಸಡಿಲಿಸಬೇಕು. ಕೀಲು ಥಟ್ಟನೆ ಕಳಚಿ ಬೀಳದಂತೆ ನಟ್ ಅನ್ನು ಕೆಲವು ಸುತ್ತುಗಳಷ್ಟು ಉಳಿಸಬೇಕು.
3. ಪುಲ್ಲರ್ ಬಳಸಿ ಕೀಲನ್ನು ಬಿಡಿಸಬೇಕು. ಪುಲ್ಲರ್ ಇಲ್ಲದಿದ್ದರೆ ಕೀಲು ಕುಳಿತಿರುವ ತೋಳಿನ ಪಕ್ಕಕ್ಕೆ ಸುತ್ತಿಗೆಯಿಂದ ಬಲವಾಗಿ ಹೊಡೆಯುವುದುಂಟು. ತಿರುಪಿನ ತುದಿಗೆ ಹೊಡೆಯಬಾರದು.
4. ಹಳೆಯ ತುದಿಯನ್ನು ಎಷ್ಟು ಸುತ್ತು ತಿರುಗಿಸಿ ತೆಗೆಯಲಾಯಿತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಕೂರಿಸಬೇಕು. ಟೈ ರಾಡ್‌ನ ಒಂದು ತುದಿಗೆ ಬಲಸುತ್ತಿನ, ಮತ್ತೊಂದಕ್ಕೆ ಎಡಸುತ್ತಿನ ತಿರುಪು ಇರುವುದು ಸಾಮಾನ್ಯ. ಆದ್ದರಿಂದ ನಡುವಿನ ಸರಳನ್ನು ತಿರುಗಿಸಿ ಉದ್ದವನ್ನು ಹೊಂದಿಸಬಹುದು.
5. ವಾಹನದ ಕೈಪಿಡಿಯಲ್ಲಿ ಹೇಳಿದಷ್ಟೇ ಬಲದಿಂದ ನಟ್ ಬಿಗಿಸಬೇಕು. ಪಿನ್ನಿನ ರಂಧ್ರ ಹೊಂದದಿದ್ದರೆ ನಟ್ ಅನ್ನು ಮುಂದಿನ ಕಚ್ಚಿನವರೆಗೆ ಇನ್ನಷ್ಟು ಬಿಗಿಸಬೇಕೇ ಹೊರತು ಸಡಿಲಿಸಬಾರದು. ಪಿನ್ ಹೊಸದೇ ಆಗಿರಬೇಕು.
6. ಕೊನೆಯಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು.

ತಾತ್ಕಾಲಿಕ ದುರಸ್ತಿ

ಕಾಡಿನ ನಡುವೆ ಟೈ ರಾಡ್ ಬಾಗಿದರೆ ಅದನ್ನು ಬಿಚ್ಚಿ, ಎರಡು ಮರಗಳ ಸಂದಿನಲ್ಲಿಟ್ಟು ಸನ್ನೆಯಂತೆ ಅದುಮಿ ನೇರಗೊಳಿಸುವುದುಂಟು. ಬಾಗಿದ ಜಾಗಕ್ಕೆ ಕಬ್ಬಿಣದ ಆ್ಯಂಗಲ್ ಪಟ್ಟಿಯನ್ನು ಆನಿಸಿ ಯು-ಬೋಲ್ಟ್‌ಗಳಿಂದ ಬಿಗಿಯುವುದೂ ರೂಢಿಯಲ್ಲಿದೆ. ಇದು ನಿಧಾನಗತಿಯಲ್ಲಿ ಸಮೀಪದ ಊರನ್ನು ತಲುಪುವುದಕ್ಕೆ ಮಾತ್ರ. ಒಮ್ಮೆ ಬಾಗಿ ನೇರಗೊಂಡ ಉಕ್ಕು ಮೊದಲಿನ ಬಲವನ್ನು ಕಳೆದುಕೊಂಡಿರುತ್ತದೆ. ಕಣ್ಣಿಗೆ ಕಾಣದ ಬಿರುಕು ಮುಂದೆ ಹೆದ್ದಾರಿಯ ವೇಗದಲ್ಲಿ ಒಡೆಯಬಹುದು.

ಪಿಟ್‌ಮನ್ ಆರ್ಮ್‌ನಂತಹ ಭಾಗಗಳನ್ನು ಬಡಿದು ರೂಪಿಸಿ, ಕಾಯಿಸಿ ಹದಗೊಳಿಸಿರುತ್ತಾರೆ. ಅವುಗಳನ್ನು ಮತ್ತೆ ಕಾಯಿಸಿದರೆ ಅಥವಾ ವೆಲ್ಡ್ ಮಾಡಿದರೆ ಆ ಹದ ಕೆಡುತ್ತದೆ. ಹೀಗಾಗಿ ಬಾಗಿದ ಅಥವಾ ಬಿರುಕು ಬಿಟ್ಟ ಭಾಗಕ್ಕೆ ಶಾಶ್ವತ ಪರಿಹಾರವೆಂದರೆ ಹೊಸ ಭಾಗವನ್ನು ಅಳವಡಿಸುವುದೇ ಆಗಿದೆ.