ಕಾಣದ ವಿಷಕ್ಕೊಂದು ಬಣ್ಣ

ನೀರಿನ ಗುಣವನ್ನು ಬಣ್ಣ, ವಾಸನೆ, ರುಚಿಗಳಿಂದ ಅರಿಯುವುದು ಜನಪದರ ಕ್ರಮ. ಆರ್ಸೆನಿಕ್ ಈ ಮೂರಕ್ಕೂ ನಿಲುಕದ ವಿಷ. ಕೊಳದ ನೀರಿನಿಂದ ಹರಡುವ ರೋಗಗಳನ್ನು ತಡೆಯಲೆಂದು ಬಾಂಗ್ಲಾದೇಶದಲ್ಲಿ ಕೊರೆಸಿದ ಕೊಳವೆಬಾವಿಗಳ ತಿಳಿನೀರಿನಲ್ಲಿಯೇ 1990ರ ದಶಕದಲ್ಲಿ ಅದು ಪತ್ತೆಯಾಯಿತು. ಅಂತಹ ನೀರಿನ ದೀರ್ಘಕಾಲದ ಸೇವನೆಯಿಂದ ಚರ್ಮರೋಗ, ಕ್ಯಾನ್ಸರ್‌ಗಳು ಬರುತ್ತವೆ.

2006ರ ಐಜೆಮ್ ಅಂತರರಾಷ್ಟ್ರೀಯ ಸ್ಪರ್ಧೆಗಾಗಿ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಂಶ್ಲೇಷಿತ ಜೀವವಿಜ್ಞಾನದ ಮೂಲಕ ಇದಕ್ಕೊಂದು ಪರೀಕ್ಷಾವಿಧಾನವನ್ನು ರೂಪಿಸಿದರು. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಆರ್ಸೆನಿಕ್ ಸೋಕಿದೊಡನೆ ಎಚ್ಚರಗೊಳ್ಳುವ ವಂಶವಾಹಿ ವ್ಯವಸ್ಥೆಯಿದೆ. ಅದನ್ನು ಅವರು ಲ್ಯಾಕ್ಟೋಸ್ ಸಕ್ಕರೆಯನ್ನು ಒಡೆಯುವ ವಂಶವಾಹಿಗೆ ಜೋಡಿಸಿದರು. ವಿಷವಿದ್ದರೆ ಆಮ್ಲ ಹುಟ್ಟಿ, ಸೂಚಕ ದ್ರವದ ಬಣ್ಣ ಬದಲಾಗುತ್ತದೆ.

ಬಾಂಗ್ಲಾದ ಹಳ್ಳಿಗರಿಗೆ ಬಣ್ಣದ ಈ ಭಾಷೆ ಹೊಸತಲ್ಲ; ಅಲ್ಲಿ ವಿಷದ ಬಾವಿಗೆ ಕೆಂಪು, ಉಳಿದುದಕ್ಕೆ ಹಸಿರು ಬಳಿಯಲಾಗಿತ್ತು. ಆದರೆ ಕೆಂಪು ಬಾವಿಯನ್ನು ತೊರೆದವರಿಗೆ ಸಮೀಪದಲ್ಲಿ ಹಸಿರು ಬಾವಿಯೂ ಇರಬೇಕು. ಅದನ್ನು ಪರೀಕ್ಷೆಯೊಂದೇ ಒದಗಿಸಲಾರದು.