ನೋಂಗ್ ಚೋಕ್ ಎಂಬ ಹೊರವಲಯವೂ ಥಾಯ್ ಭಾಷೆಯೂ

ನಮ್ಮ ಹಿರಿಯರು ಭೂಗೋಳದ ಪಾಠದಲ್ಲಿ ಸಯಾಮ್ ಎಂದು ಕಲಿತ ರಾಜ್ಯಕ್ಕೆ 1939ನೆಯ ಇಸವಿಯಲ್ಲಿ ಥಾಯ್ಲೆಂಡ್ ಎಂಬ ಹೆಸರಾಯಿತು. ಯುದ್ಧಾನಂತರ ಕೆಲವು ವರ್ಷ ಹಳೆಯ ಹೆಸರು ಮರಳಿ ಬಂದು, 1949ರಿಂದ ಹೊಸ ಹೆಸರೇ ನೆಲೆನಿಂತಿದೆ. ಆ ದೇಶದ ಭಾಷೆಯ ಮೊದಲ ಅಚ್ಚಿನ ಪುಸ್ತಕವು ಅಲ್ಲಿ ಹುಟ್ಟಿದ್ದಲ್ಲ, ನಮ್ಮ ಭಾರತದಲ್ಲಿ ಹುಟ್ಟಿತು ಎಂಬುದನ್ನು ನಮ್ಮ ವಾಚಕಿಯರಲ್ಲಿ ಅನೇಕರು ಅರಿಯರು. ಬರ್ಮಾದಲ್ಲಿದ್ದ ಆನ್ ಜಡ್ಸನ್ ಅಮ್ಮನವರು ಅಲ್ಲಿ ನೆಲೆಸಿದ್ದ ಸಯಾಮೀಯರಿಂದ ಆ ಭಾಷೆಯನ್ನು ಕಲಿತು ಒಂದು ಪ್ರಶ್ನೋತ್ತರವನ್ನು ಭಾಷಾಂತರಿಸಿದರು. ಅದು 1819ರಲ್ಲಿ ಶ್ರೀರಾಮಪುರದ ಮಿಷನ್ ಛಾಪಖಾನೆಯಲ್ಲಿ ಅಚ್ಚಾಯಿತು. ಬ್ಯಾಂಕಾಕಿನಲ್ಲಿ ಡಾಕ್ಟರ್ ಬ್ರಾಡ್ಲಿಯವರು ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದ್ದು 1844ರಲ್ಲಿ. ನಮ್ಮ ‘ಮಂಗಳೂರು ಸಮಾಚಾರ’ವು ಅದಕ್ಕೆ ಒಂದು ವರ್ಷದ ಹಿರಿಯಕ್ಕ.

ನಮ್ಮ ಶಾಲೆಯನ್ನು ಹೋಲುವ ಒಂದು ಶಾಲೆಯೂ ಅಲ್ಲಿದೆ. 1874ರಲ್ಲಿ ಹ್ಯಾರಿಯೆಟ್ ಹೌಸ್ ಅಮ್ಮನವರು ನದಿಯ ಪಶ್ಚಿಮ ದಡದ ವಾಂಗ್ ಲಾಂಗ್ ಎಂಬಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. ಅದರ ಹೆಸರಿನಲ್ಲಿದ್ದ ‘ಕುಲಸತ್ರಿ’ ಎಂಬ ಶಬ್ದವು ನಮ್ಮ ಕುಲಸ್ತ್ರೀಯೇ. ಎಡ್ನಾ ಕೋಲ್ ಅಮ್ಮನವರ ಕಾಲದಲ್ಲಿ, 1921ರಲ್ಲಿ, ಶಾಲೆಯು ಪಟ್ಟಣದ ಪೂರ್ವದ ಗದ್ದೆಗಳ ನಡುವೆ ಬಾಂಗ್ ಕಪಿ ಎಂಬ ಪ್ರದೇಶಕ್ಕೆ ಸಾಗಿ ‘ವತ್ತನಾ ವಿತ್ತಯಾ’ ಎಂಬ ಹೆಸರನ್ನು ತಾಳಿತು. ವತ್ತನಾ ಎಂಬುದು ವರ್ಧನ ಶಬ್ದದ ಪಾಳಿ ರೂಪದಿಂದ ಬಂದದ್ದು. ವಿತ್ತಯಾ ಎಂದರೆ ವಿದ್ಯಾ. ಅಂದು ಗದ್ದೆಯಾಗಿದ್ದ ಆ ನೆಲದಲ್ಲಿ ಇಂದು ಗಗನಚುಂಬಿ ಕಟ್ಟಡಗಳೂ ಸುಖುಮ್ವಿತ್ ಎಂಬ ಹೆದ್ದಾರಿಯೂ ಇವೆ. ಊರು ಹೊಲವನ್ನು ನುಂಗಿದ ಮೇಲೆ ಹೊಲವಿರುವ ಊರನ್ನು ನೋಡಲು ಇನ್ನೂ ಪೂರ್ವಕ್ಕೆ ಹೋಗಬೇಕು.

ಹಾಗೆ ಹೋಗುವ ದಾರಿಯು ಸೇನ್ ಸೇಪ್ ಕಾಲುವೆ. ಮೂರನೆಯ ರಾಮನೆಂಬ ಅರಸನು ಅನ್ನಾಮಿನೊಡನೆ ಯುದ್ಧ ನಡೆದಾಗ ದಂಡನ್ನೂ ಮದ್ದುಗುಂಡನ್ನೂ ಸಾಗಿಸಲು 1837ರಿಂದ 1840ರ ವರೆಗೆ ಇದನ್ನು ಅಗೆಯಿಸಿದನು. ಅದರ ದಡದಲ್ಲಿ ಮೊದಲು ಮೀನ್ ಬುರೀ, ಆಮೇಲೆ ಪಟ್ಟಣದ ಕಟ್ಟಕಡೆಯ ಅಂಚಿನಲ್ಲಿ ನೋಂಗ್ ಚೋಕ್ ಸಿಗುತ್ತವೆ. ಮೀನ್ ಬುರೀ ಎಂದರೆ ಮೀನಪುರಿ. ಉತ್ತರಕ್ಕಿರುವ ನೆರೆಯೂರು ಥನ್ಯಬುರೀ, ಅರ್ಥಾತ್ ಧಾನ್ಯಪುರಿ. ಒಂದು ಕಡೆ ಮೀನು, ಇನ್ನೊಂದು ಕಡೆ ಅಕ್ಕಿ. ಹೆಸರಿಟ್ಟವರು ನಮ್ಮ ಕರಾವಳಿಯವರೇ ಇರಬೇಕೆಂದು ನಮ್ಮಲ್ಲಿ ಒಬ್ಬರು ನಗೆಯಾಡಿದರು. 1902ರಲ್ಲಿ ಪ್ರತ್ಯೇಕ ಪ್ರಾಂತ್ಯವಾಗಿದ್ದ ಮೀನ್ ಬುರೀಯನ್ನು 1931ರಲ್ಲಿ ರದ್ದುಮಾಡಲಾಯಿತು.

ನೋಂಗ್ ಚೋಕ್ ಎಂಬುದು ಅಚ್ಚ ಥಾಯ್ ಹೆಸರು. ನೋಂಗ್ ಎಂದರೆ ಕೆರೆ ಅಥವಾ ಜವುಗು, ಚೋಕ್ ಎಂದರೆ ನೀರ ಮೇಲೆ ತೇಲುವ ಅಂತರಗಂಗೆ. ಬ್ಯಾಂಕಾಕಿನ ಐವತ್ತು ಜಿಲ್ಲೆಗಳಲ್ಲಿ ವಿಸ್ತಾರದಲ್ಲಿ ಇದೇ ದೊಡ್ಡದು: ಸುಮಾರು 236 ಚದರ ಕಿಲೋಮೀಟರು, ಇಡೀ ಮಹಾನಗರದ ಏಳನೆಯ ಒಂದು ಪಾಲು. ಜನಸಾಂದ್ರತೆಯಾದರೋ ಬಹಳ ಕಡಿಮೆ. ಎಂಟು ಉಪಭಾಗಗಳಲ್ಲಿ ಎರಡಕ್ಕೆ ‘ಹತ್ತನೆಯ ಕಾಲುವೆ’, ‘ಹನ್ನೆರಡನೆಯ ಕಾಲುವೆ’ ಎಂದೇ ಹೆಸರು. ಭತ್ತದ ಗದ್ದೆಗಳ ನಡುವೆ ಈಗ ಮನೆಗಳ ಬಡಾವಣೆಗಳು ಏಳುತ್ತಿವೆ. 1990ರಲ್ಲಿ ಸ್ಥಾಪಿತವಾದ ‘ಮಹಾನಕೋನ್’ ಎಂಬ ತಾಂತ್ರಿಕ ವಿಶ್ವವಿದ್ಯಾನಿಲಯವೂ ಇಲ್ಲಿಯೇ ಇದೆ. ಮಹಾನಕೋನ್ ಎಂದರೇನೆಂದು ವಾಚಕಿಯರು ಸ್ವಲ್ಪ ಊಹಿಸಿ ನೋಡಲಿ, ಕೆಳಗೆ ಹೇಳುತ್ತೇವೆ.

ಬೌದ್ಧ ದೇಶದ ಈ ಅಂಚಿನಲ್ಲಿ ವಾಸಿಸುವವರಲ್ಲಿ ಅಧಿಕ ಭಾಗವು ಮುಸಲ್ಮಾನರು. ಪಟ್ಟಾಣಿ ರಾಜ್ಯವನ್ನು 1786ರಿಂದ ಮೊದಲುಗೊಂಡು ಸಯಾಮಿನ ಸೈನ್ಯವು ಹಲವು ಬಾರಿ ಸೋಲಿಸಿದಾಗ ಸೆರೆಹಿಡಿದು ತಂದ ಮಲಾಯಿ ಕುಟುಂಬಗಳನ್ನು ಈ ಪೂರ್ವದ ಬಯಲಿನಲ್ಲಿ ನೆಲೆಗೊಳಿಸಿದರು. ಜವುಗನ್ನು ಗದ್ದೆಯಾಗಿ ಮಾಡಿದ ಕೈಗಳು ಅವರವೇ. ಅವರ ಮನೆಮಾತು ಮಲಾಯಿ. ಧರ್ಮಗ್ರಂಥಗಳನ್ನು ಓದುತ್ತಿದ್ದುದು ಅರಬ್ಬೀ ಅಕ್ಷರದಲ್ಲಿ ಬರೆದ ಮಲಾಯಿಯಲ್ಲಿ. 1921ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ ಬಂದು ಸರಕಾರದ ಪಾಠವೆಲ್ಲ ಥಾಯ್ ಆಯಿತು. ಇಂದು ಇಲ್ಲಿಯ ಮಕ್ಕಳ ಮಾತು ಥಾಯ್. ಮಲಾಯಿಯು ವೃದ್ಧರ ಬಾಯಲ್ಲಿಯೂ ಧಾರ್ಮಿಕ ಪಾಠಗಳಲ್ಲಿಯೂ ಕ್ಷೀಣವಾಗಿ ಉಳಿದಿದೆ. ಮಸೀದಿಗೆ ಇಂದಿಗೂ ‘ಸುರಾವ್’ ಎಂಬ ಮಲಾಯಿ ಹೆಸರೇ ಬಳಕೆಯಲ್ಲಿರುವುದು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಶಾಲೆಯಲ್ಲಿ ಕನ್ನಡವನ್ನು ಕಲಿತ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದರ ಸುಖದುಃಖಗಳನ್ನು ನಾವು ವಿವರಿಸಬೇಕಾಗಿಲ್ಲ. ತುಳುವಿಗಾದರೋ 1847ರಷ್ಟು ಹಿಂದೆಯೇ ಕನ್ನಡ ಅಕ್ಷರದಲ್ಲಿ ಹೊಸ ಒಡಂಬಡಿಕೆಯು ಅಚ್ಚಾಯಿತು. ಆ ಕಾಲುವೆಯ ದಡದ ಮಲಾಯಿ ಮಾತಿಗೆ ಥಾಯ್ ಶಾಲೆಯೊಳಗೆ ಅಂಥ ಆಸರೆ ದೊರೆಯಲಿಲ್ಲ.

ಆ ಮಕ್ಕಳು ಶಾಲೆಯಲ್ಲಿ ಕಲಿಯಬೇಕಾದ ಭಾಷೆ ಸುಲಭವೇನಲ್ಲ. ಥಾಯ್ ಲಿಪಿಯು ಖ್ಮೇರ್ ಲಿಪಿಯ ಮೂಲಕ ದಕ್ಷಿಣ ಭಾರತದ ಪಲ್ಲವರ ಲಿಪಿಯಿಂದ ಇಳಿದು ಬಂದದ್ದು, ಆದುದರಿಂದ ನಮ್ಮ ಕನ್ನಡದ ದಾಯಾದಿ. ವ್ಯಂಜನಗಳು 44. 1892ರಲ್ಲಿ ಎಡ್ವಿನ್ ಮೆಕ್‌ಫಾರ್ಲೆಂಡ್ ಎಂಬವರು ಬೆರಳಚ್ಚು ಯಂತ್ರವನ್ನು ರಚಿಸಿದಾಗ ಎರಡು ಅಕ್ಷರಗಳಿಗೆ ಸ್ಥಳ ಸಾಲಲಿಲ್ಲ. ಅವು ಬಳಕೆಯಿಂದಲೇ ಬಿದ್ದುಹೋದವು! ಪದಗಳ ನಡುವೆ ಎಡೆಬಿಡುವ ಪದ್ಧತಿಯಿಲ್ಲ. ಸ್ವರಗಳು ಐದು ಬಗೆ: ‘ಮಾ’ ಎಂಬುದನ್ನು ಸಮವಾಗಿ ನುಡಿದರೆ ‘ಬರು’, ಎತ್ತರದಲ್ಲಿ ನುಡಿದರೆ ಕುದುರೆ, ಏರಿಸಿ ನುಡಿದರೆ ನಾಯಿ. ಅತಿಥಿಯನ್ನು ಕರೆಯುವಾಗ ಎಚ್ಚರ ಬೇಕು.

ಸಂಸ್ಕೃತ ಶಬ್ದಗಳು ಅಲ್ಲಿ ವೇಷ ಮರೆಸಿಕೊಂಡಿರುವ ಬಗೆಯನ್ನು ಸ್ವಲ್ಪ ಹೇಳುವೆವು. ಗ, ದ, ಬ ಎಂಬ ಧ್ವನಿಗಳು ಅವರ ಬಾಯಲ್ಲಿ ಖ, ಥ, ಫ ಆಗುತ್ತವೆ. ಗುರುವು ‘ಖ್ರೂ’ ಆದದ್ದು ಹೀಗೆ. ಪದದ ಕೊನೆಯ ರಕಾರ ಲಕಾರಗಳು ನಕಾರವಾಗುತ್ತವೆ, ನಡುವಿನ ಅಕಾರವು ಅನೇಕ ಕಡೆ ಒಕಾರವಾಗುತ್ತದೆ. ಆದ್ದರಿಂದ ನಗರವು ‘ನಖೋನ್’, ಫಲವು ‘ಫೋನ್’. ಮೇಲಿನ ಮಹಾನಕೋನ್ ಮಹಾನಗರವೇ. ಕೊನೆಯ ಶಕಾರವು ತಕಾರವಾಗಿ ಆಕಾಶವು ‘ಆಕಾತ್’ ಆಗಿದೆ. ನಾವು ಆದಿತ್ಯವಾರ ದೇವಾಲಯಕ್ಕೆ ಹೋಗುವ ದಿನವು ಅವರಿಗೆ ‘ವನ್ ಆಥಿತ್’; ಸೋಮವಾರವು ‘ವನ್ ಚನ್’, ಚಂದ್ರನ ದಿನ.

ಆದರೆ ಬರೆಯುವಾಗ ಚಂದ್ರ ಶಬ್ದದ ದಕಾರ ರಕಾರಗಳನ್ನು ಬಿಡುವುದಿಲ್ಲ. ನುಡಿಯದ ಅಕ್ಷರದ ಮೇಲೆ ಮೌನದ ಚಿಹ್ನೆಯೊಂದನ್ನಿಟ್ಟು ಹಾಗೆಯೇ ಉಳಿಸುತ್ತಾರೆ. 1942ರಲ್ಲಿ ಆಗಿನ ಸರಕಾರವು ಹದಿಮೂರು ವ್ಯಂಜನಗಳನ್ನು ಅನಾವಶ್ಯಕವೆಂದು ತೆಗೆದುಹಾಕಿತು. ಮಕ್ಕಳ ಹೊರೆ ತಗ್ಗಿತೆಂಬುದು ನಿಜ. ಆದರೆ ಶಬ್ದಗಳ ಕುಲಗೋತ್ರವೂ ಅಳಿಸುತ್ತಿತ್ತು. 1944ರಲ್ಲಿ ಆ ಸರಕಾರ ಬಿದ್ದೊಡನೆ ಹಳೆಯ ಬರವಣಿಗೆಯು ಮರಳಿತು. ಇದು ಒಳಿತೇ ಆಯಿತೆಂದು ನಮ್ಮ ಅಭಿಪ್ರಾಯ, ಶ ಷ ಸ ಮೂರನ್ನೂ ಒಂದೇ ಬಗೆಯಾಗಿ ನುಡಿದು ಬೇರೆಬೇರೆಯಾಗಿ ಬರೆಯಬೇಕಾದ ಬಾಲಕಿಯರು ಒಪ್ಪದಿರಬಹುದು.

ಆ ಬಾಲಕಿಯರು ಪ್ರತಿ ವಾಕ್ಯದ ಕೊನೆಗೆ ವಿನಯಸೂಚಕವಾಗಿ ‘ಖಾ’ ಎಂದು ಸೇರಿಸಬೇಕು. ಬಾಲಕರು ‘ಖ್ರಪ್’ ಎನ್ನುತ್ತಾರೆ. ಸೇನ್ ಸೇಪ್ ಕಾಲುವೆಯಲ್ಲಿ ಯಂತ್ರದೋಣಿಗಳು 1990ರಿಂದ ಓಡುತ್ತಿವೆ. ವತ್ತನಾ ಶಾಲೆಗೆ ಹತ್ತಿರದ ಕಟ್ಟೆಯ ಹೆಸರು ಅಸೋಕ್. ಬರೆಯುವಾಗ ಅಲ್ಲಿ ಶಕಾರವೇ ಇರುತ್ತದೆ.