ಹಗಲಿನ ಹ್ರಾಸವೃದ್ಧಿಗಳೂ ಭೂಮಿಯ ಆಕಾರವೂ

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ಪ್ರತಿಷ್ಠಿತವಾದ ಗೊಮ್ಮಟಮೂರ್ತಿಯನ್ನು ನೋಡದ ವಿದ್ಯಾರ್ಥಿಗಳು ನಮ್ಮ ಭಾಗದಲ್ಲಿ ವಿರಳ. ಆ ಪರಂಪರೆಯ ಲೋಕವರ್ಣನೆಯನ್ನು ಓದಿದವರೂ ವಿರಳವೇ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನಿಗೆ ಗುರುವಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ 'ತ್ರಿಲೋಕಸಾರ'ವು ಆ ವರ್ಣನೆಯ ಒಂದು ಮುಖ್ಯ ಆಕರ. ಅದರಂತೆ ಜಂಬೂದ್ವೀಪವು ವೃತ್ತಾಕಾರವಾದ ಸಮತಲ. ಅದರ ನಡುವೆ ಮೇರು. ಮೇರುವನ್ನು ಇಬ್ಬರು ಸೂರ್ಯರು 184 ಪಥಗಳಲ್ಲಿ ಸುತ್ತುತ್ತಾರೆ. ಸೂರ್ಯನು ಅತ್ಯಂತ ಒಳಗಿನ ಪಥದಲ್ಲಿರುವಾಗ ಹಗಲು 18 ಮುಹೂರ್ತ, ಅತ್ಯಂತ ಹೊರಗಿನ ಪಥದಲ್ಲಿರುವಾಗ 12 ಮುಹೂರ್ತ. ಮುಹೂರ್ತವೆಂದರೆ 48 ನಿಮಿಷ. ಆದುದರಿಂದ ಕ್ರಮವಾಗಿ 14 ಗಂಟೆ 24 ನಿಮಿಷ ಮತ್ತು 9 ಗಂಟೆ 36 ನಿಮಿಷ.

ಈಚೆಗೆ ಭೂಮಿ ಚಪ್ಪಟೆಯೆಂದು ವಾದಿಸುವವರು ಮುಂದಿಡುವ ಚಿತ್ರವೂ ಇದಕ್ಕೆ ದೂರದ್ದಲ್ಲ. ಅವರ ತಟ್ಟೆಯ ನಡುವೆ ಉತ್ತರಧ್ರುವವಿದೆ. ಸೂರ್ಯನೊಬ್ಬನೇ ಜೂನ್‌ನಲ್ಲಿ ಚಿಕ್ಕ ವೃತ್ತದಲ್ಲಿಯೂ ಡಿಸೆಂಬರಿನಲ್ಲಿ ದೊಡ್ಡ ವೃತ್ತದಲ್ಲಿಯೂ ತಿರುಗುತ್ತಾನೆ. ಇಂಥ ಕಲ್ಪನೆಗಳನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಉಚಿತವಲ್ಲ. ಹಗಲು ಏಕೆ ಹಿಗ್ಗಿ ಕುಗ್ಗುತ್ತದೆಂಬ ಪ್ರಶ್ನೆಗೆ ಅವು ಒಂದು ಉತ್ತರವನ್ನು ಕೊಡುತ್ತವೆ. ತೊಡಕು ಬರುವುದು ಋತುವಿನ ಜೊತೆಗೆ ಸ್ಥಳವನ್ನೂ ಗಣನೆಗೆ ತಂದಾಗ.

ಉಡುಪಿಯ ಅಕ್ಷಾಂಶ ಸುಮಾರು 13 ಅಂಶ 20 ಕಲೆ. ಇಲ್ಲಿಯ ಅತಿ ದೀರ್ಘವಾದ ಹಗಲು 12 ಗಂಟೆ 55 ನಿಮಿಷ, ಅತಿ ಹ್ರಸ್ವವಾದುದು 11 ಗಂಟೆ 20 ನಿಮಿಷ. ಮುಹೂರ್ತದ ಲೆಕ್ಕದಲ್ಲಿ 16ಕ್ಕೆ ತುಸು ಹೆಚ್ಚು, 14ಕ್ಕೆ ತುಸು ಹೆಚ್ಚು. 18 ಮತ್ತು 12 ಎಂಬುದು ಕಾರ್ಕಳದಲ್ಲಿ ಯಾವ ವರ್ಷವೂ ಕಾಣಬರುವುದಿಲ್ಲ. (ನಮ್ಮಲ್ಲಿ ದೀರ್ಘತಮ ಹಗಲು ಕಾರ್ತೆಲ್ ತಿಂಗಳ ಮಳೆಮೋಡಗಳಲ್ಲಿ ಮುಳುಗಿಹೋಗುವುದರಿಂದ ಅದನ್ನು ಗಮನಿಸಿದವರು ಕಡಿಮೆ.) ದೆಹಲಿಯಲ್ಲಿ ಅದೇ ದಿನದ ಹಗಲು ಸುಮಾರು 13 ಗಂಟೆ 58 ನಿಮಿಷ. 34 ಅಂಶದಲ್ಲಿರುವ ಶ್ರೀನಗರಕ್ಕೆ ಬಂದರೆ ಹದಿನೆಂಟು ಮುಹೂರ್ತದ ಲೆಕ್ಕ ಬಹುಮಟ್ಟಿಗೆ ಹೊಂದುತ್ತದೆ. ಆ ಸಂಖ್ಯೆ ಕಲ್ಪಿತವಲ್ಲ. ಅದು ಒಂದು ಅಕ್ಷಾಂಶಕ್ಕೆ ಸೇರಿದ್ದು. ಭೂಮಧ್ಯರೇಖೆಯ ದಕ್ಷಿಣಕ್ಕೆ ಹೋದರೆ ಕ್ರಮವೇ ತಿರುವುಮುರುವಾಗುತ್ತದೆ: ಮೆಲ್ಬರ್ನ್ ನಗರದಲ್ಲಿ ಜೂನ್ ತಿಂಗಳ ಹಗಲು ಒಂಬತ್ತೂವರೆ ಗಂಟೆ, ಡಿಸೆಂಬರಿನದು ಹದಿನಾಲ್ಕೂಮುಕ್ಕಾಲು.

ಗೋಳದಲ್ಲಿ ಇದು ಸಹಜವಾಗಿ ಫಲಿಸುತ್ತದೆ. ಭೂಮಿಯ ಅಕ್ಷವು ಸುಮಾರು ಇಪ್ಪತ್ತಮೂರೂವರೆ ಅಂಶ ಓರೆಯಾಗಿದೆ. ಬೆಳಕು ಕತ್ತಲೆಗಳ ಗಡಿಯು ಸಮಭಾಜಕವೃತ್ತವನ್ನು ಸದಾ ಎರಡು ಸಮಭಾಗ ಮಾಡುತ್ತದೆ. ಉಳಿದ ಅಕ್ಷಾಂಶವೃತ್ತಗಳನ್ನು ಧ್ರುವದ ಕಡೆಗೆ ಹೋದಂತೆಲ್ಲ ಹೆಚ್ಚು ಹೆಚ್ಚು ವಿಷಮವಾಗಿ ಕತ್ತರಿಸುತ್ತದೆ.

ನಮ್ಮ ಪಂಚಾಂಗಕರ್ತರು ಈ ಸ್ಥಳಭೇದವನ್ನು ಎಂದೋ ಲೆಕ್ಕಕ್ಕೆ ತಂದುಕೊಂಡಿದ್ದರೆಂಬುದು ವಿಶೇಷವಾಗಿ ಗಮನಾರ್ಹ. ಭೂಮಿ ಗೋಳವೆಂದು 499ರಲ್ಲಿಯೇ ಹೇಳಿದ ಆರ್ಯಭಟನ ತರುವಾಯ ಸಿದ್ಧಾಂತಜ್ಯೋತಿಷದಲ್ಲಿ ಗೋಳವಾದವೇ ಸ್ಥಿರವಾಯಿತು. ಅದರಲ್ಲಿ ಹಗಲಿನ ಏರಿಳಿತಕ್ಕೆ ಮೂಲಮಾನ 'ಪಲಭಾ', ಅಂದರೆ ವಿಷುವದಿನದ ಮಧ್ಯಾಹ್ನ ಹನ್ನೆರಡು ಅಂಗುಲದ ಶಂಕುವಿನ ನೆರಳು. ಉಡುಪಿಯಲ್ಲಿ ಅದು 2.84 ಅಂಗುಲ. ಗಣೇಶ ದೈವಜ್ಞನ 'ಗ್ರಹಲಾಘವ'ದ ಕ್ರಮದಂತೆ ಇದನ್ನು 10, 8 ಮತ್ತು ಮೂರೂಮೂರನೇಒಂದರಿಂದ ಗುಣಿಸಿ ಕೂಡಿಸಿದರೆ ಸುಮಾರು 60 ಪಳ, ಎಂದರೆ 24 ನಿಮಿಷ. ಬೆಳಿಗ್ಗೆ ಅಷ್ಟು, ಸಂಜೆ ಅಷ್ಟು: ಹನ್ನೆರಡು ಗಂಟೆಯ ಮೇಲೆ 48 ನಿಮಿಷ. ಉಳಿದ ಏಳು ನಿಮಿಷ ವಾಯುಮಂಡಲದ ವಕ್ರೀಭವನಕ್ಕೂ ಬಿಂಬದ ಮೇಲಂಚಿನಿಂದ ಉದಯಾಸ್ತಗಳನ್ನು ಎಣಿಸುವ ಇಂದಿನ ಪದ್ಧತಿಗೂ ಸೇರಿದ್ದು. ಒಂದು ಕಡ್ಡಿಯ ನೆರಳಿನಿಂದ ಇಷ್ಟು ನಿಷ್ಕೃಷ್ಟವಾದ ಫಲ ದೊರೆಯುವುದು ನಮಗೆ ಇಂದಿಗೂ ಸೋಜಿಗವೇ. ಆ ನೆರಳು ಊರಿಂದ ಊರಿಗೆ ಬೇರೆ. ಆದುದರಿಂದ ಹಗಲೂ ಬೇರೆ.

ಇನ್ನು ದಿಕ್ಕಿನ ಮಾತು. ಮಾರ್ಚ್ ಹಾಗೂ ಸೆಪ್ಟೆಂಬರಿನ ವಿಷುವದಿನಗಳಲ್ಲಿ ಮಣಿಪಾಲದ ಮುರಕಲ್ಲಿನ ದಿಬ್ಬದಿಂದ ನೋಡಿದರೆ ಸೂರ್ಯನು ಘಟ್ಟಗಳ ಮೇಲೆ ನೇರ ಪೂರ್ವದಲ್ಲಿ ಏಳುತ್ತಾನೆ. ಚಪ್ಪಟೆವಾದಿಗಳ ನಕ್ಷೆಯನ್ನು ಅಳೆದರೆ ಆ ಗಳಿಗೆಯಲ್ಲಿ ಅವನು ಪೂರ್ವದಿಂದ ಸುಮಾರು 40 ಅಂಶ ಉತ್ತರಕ್ಕೆ ಇರಬೇಕು. ಅಷ್ಟೇ ಅಲ್ಲ, ಅವರು ಹೇಳುವಂತೆ ಸೂರ್ಯನು ಸುಮಾರು 5,000 ಕಿಲೋಮೀಟರ್ ಎತ್ತರದಲ್ಲಿದ್ದರೆ, ಆಗ ಕ್ಷಿತಿಜದಿಂದ 20 ಅಂಶ ಮೇಲೆಯೇ ಕಾಣಬೇಕು, ಉದಯವೆಂಬುದಕ್ಕೆ ಅರ್ಥವೇ ಉಳಿಯದು. ಮೆಲ್ಬರ್ನಿನಲ್ಲಿ ಡಿಸೆಂಬರಿನ ಸೂರ್ಯನು ಆಗ್ನೇಯದ ಕಡೆ ಉದಯಿಸುವುದಂತೂ, ಅವನನ್ನು ಸದಾ ಆ ನಗರದ ಉತ್ತರಕ್ಕೇ ಇರಿಸುವ ತಟ್ಟೆಯ ಮೇಲೆ ಅಸಾಧ್ಯ.

ಅಸ್ತವನ್ನು ನೋಡುವವರು ಕಾಪುವಿಗೆ ಹೋಗಬಹುದು. ಅಲ್ಲಿ ಸೂರ್ಯನ ಅಸ್ತಬಿಂದು ಜೂನ್‌ನಲ್ಲಿ ಪಶ್ಚಿಮದಿಂದ 24 ಅಂಶ ಉತ್ತರಕ್ಕೂ ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೂ ಸರಿಯುತ್ತದೆ. ಬಿಂಬವು ದೂರ ಸರಿದು ಕಿರಿದಾಗುವುದಿಲ್ಲ. ತನ್ನ ಅಗಲವನ್ನು ಉಳಿಸಿಕೊಂಡೇ ಕೆಳಗಿನಿಂದ ಕತ್ತರಿಸಲ್ಪಡುತ್ತದೆ. 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ಅಲ್ಲಿಯ ದೀಪಸ್ತಂಭದ ತುದಿಯಲ್ಲಿ ಒಬ್ಬರೂ ಮರಳಿನ ಮೇಲೆ ಒಬ್ಬರೂ ಗಡಿಯಾರ ಹಿಡಿದು ನಿಂತರೆ, ಸೂರ್ಯನು ಮೇಲಿನವರಿಗೆ ಸುಮಾರು ಅರ್ಧ ನಿಮಿಷ ತಡವಾಗಿ ಮುಳುಗುತ್ತಾನೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಸ್ವಚ್ಛವಾದ ಸಂಜೆಗಳು ಈ ಪ್ರಯೋಗಕ್ಕೆ ಯೋಗ್ಯವಾದವು.